ಸೋಲಾರ್ ಲೆಕ್ಕ ಕರೆಂಟ್ ಬಿಲ್‌ನಿಂದ ಶುರುವಾಗಲಿ

ಕಳೆದ ವಾರ ಹೆಬ್ರಿಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಪಕ್ಕದ ಮನೆಯವರು ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ್ದಾರಂತೆ, ಸರ್ಕಾರ 78 ಸಾವಿರ ಕೊಡ್ತದಂತೆ, ನಾವೂ ಹಾಕಿಸುವುದಾ ಮಗಾ ಅಂತ ಕೇಳಿದರು. ನಾನು ತಿರುಗಿ ಕೇಳಿದ್ದು ಒಂದೇ: ನಿಮಗೆ ತಿಂಗಳಿಗೆ ಕರೆಂಟ್ ಬಿಲ್ ಎಷ್ಟು ಬರ್ತದೆ ದೊಡ್ಡಮ್ಮ?

"ಬಿಲ್ಲಾ? ಈಗ ಸೊನ್ನೆ ಅಲ್ವಾ."

ಹಾಗಾದರೆ ಸದ್ಯಕ್ಕೆ ಬೇಡ ಅಂದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು. ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಹಾಕಿಸಿ ಎರಡು ಮಳೆಗಾಲ ದಾಟಿತು, ಎಲ್ಲರ ಹತ್ತಿರ ಒಳ್ಳೆಯದೇ ಹೇಳುತ್ತೇನೆ, ಈಗ ಅವರಿಗೆ ಮಾತ್ರ ಬೇಡ ಅನ್ನುವುದು ಯಾಕೆ? ಆ ಯಾಕೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ಉಡುಪಿ, ಮಂಗಳೂರು ಕಡೆ ಈ ಪ್ರಶ್ನೆ ಈಗ ಮದುವೆ ಮನೆ ಊಟದ ಪಂಕ್ತಿಯಲ್ಲೂ ಬರುತ್ತದೆ, ಮತ್ತೆ ಉತ್ತರ ಕೊಡುವವರು ಹೆಚ್ಚಾಗಿ ಪ್ಯಾನೆಲ್ ಮಾರುವವರೇ ಆಗಿರುತ್ತಾರೆ.

ಪ್ಯಾನೆಲ್ ನಮಗೆ ಹಣ ಕೊಡುವುದಿಲ್ಲ. ನಾವು ಈ ಕಡೆಗೆ ಕರೆಂಟ್ ಕೊಡುವ ಮೆಸ್ಕಾಂ ಕಂಪೆನಿಗೆ ಕಟ್ಟಬೇಕಾದ ಹಣವನ್ನು ಉಳಿಸಿ ಕೊಡುತ್ತದೆ, ಅಷ್ಟೆ. ಕಟ್ಟುವುದೇ ಇಲ್ಲದಿದ್ದರೆ ಉಳಿಸಲಿಕ್ಕೆ ಏನಿದೆ? ಹಾಗಾಗಿ ಮೊದಲು ಮಾಡಬೇಕಾದ್ದು ಕೊಟೇಶನ್ ತರಿಸುವುದಲ್ಲ. ಕಳೆದ 12 ತಿಂಗಳ ಬಿಲ್ ಹುಡುಕಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಒಂದು ತಿಂಗಳ ಬಿಲ್ ಸಾಲದು, ಪೂರ್ತಿ ವರ್ಷದ್ದು ಬೇಕು. ನಮ್ಮೂರಲ್ಲಿ ಏಪ್ರಿಲ್‌ನ ಸೆಕೆಯ ಬಿಲ್ಲಿಗೂ ಜುಲೈ-ಆಗಸ್ಟ್ ಮಳೆಯ ಆಟಿ ತಿಂಗಳ ಬಿಲ್ಲಿಗೂ ಸಂಬಂಧವೇ ಇರುವುದಿಲ್ಲ.

ದೊಡ್ಡಮ್ಮನ ಬಿಲ್ ಸೊನ್ನೆ ಆದದ್ದು ಗೃಹಜ್ಯೋತಿಯಿಂದ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಿಂದ. ಅದು ಶುರುವಾದದ್ದು 2023ರ ಜುಲೈನಿಂದ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿ ನಿಮ್ಮ ಮಿತಿ ಅಂತ ಇಟ್ಟರು. ಮಿತಿಯೊಳಗೆ ಇದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗೆ ಮಾತ್ರ ಹಣ. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ದೊಡ್ಡಮ್ಮನ ಮನೆಯಲ್ಲಿ ಇಬ್ಬರೇ ಇರುವುದು, ತಿಂಗಳಿಗೆ 90 ಯೂನಿಟ್ ದಾಟುವುದಿಲ್ಲ. ಅವರು ಸಬ್ಸಿಡಿ ಕಳೆದು ಒಂದು ಲಕ್ಷ ಹಾಕಿದರೂ ಆ ಒಂದು ಲಕ್ಷ ತಿರುಗಿ ಬರುವ ದಾರಿಯೇ ಇಲ್ಲ.

ನಡುವೆ ಸಿಕ್ಕಿಕೊಳ್ಳುವವರು 220, 240 ಯೂನಿಟ್‌ನವರು. ಮಣಿಪಾಲದಲ್ಲಿ ಕೆಲಸ ಮಾಡುವ ನನ್ನ ಗೆಳೆಯನ ಮನೆ ಹೀಗೇ ಇತ್ತು. ಅವನ ಮಿತಿ 190, ಬಳಕೆ 240. ತಿಂಗಳು ತಿಂಗಳು ಸಾವಿರದ ಆರುನೂರರ ಮೇಲೆ ಕಟ್ಟುತ್ತಿದ್ದ, ಸೋಲಾರ್ ಹಾಕಿಸಲು ಹೊರಟಿದ್ದ. ಅವನ ಮನೆಯಲ್ಲಿ ಐದು ಹಳೇ ಫ್ಯಾನ್. ಒಂದೊಂದು 75 ವಾಟ್, ದಿನಕ್ಕೆ ಕಡಿಮೆ ಅಂದರೂ ಹತ್ತು ಗಂಟೆ ತಿರುಗುತ್ತವೆ. ಅವುಗಳ ಬದಲು ಕಡಿಮೆ ಕರೆಂಟ್ ತಿನ್ನುವ 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ದಿನಕ್ಕೆ ಎರಡೂಕಾಲು ಯೂನಿಟ್, ತಿಂಗಳಿಗೆ 67 ಯೂನಿಟ್ ಉಳಿತಾಯ. 240 ಹೋಗಿ 173ಕ್ಕೆ ಇಳಿಯಿತು, ಬಿಲ್ ಸೊನ್ನೆ ಆಯಿತು. ಫ್ಯಾನ್‌ಗೆ ಆದ ಖರ್ಚು 15 ಸಾವಿರದಷ್ಟು. ಏಪ್ರಿಲ್, ಮೇ ಬಿಟ್ಟು ಲೆಕ್ಕ ಹಾಕಿದರೂ ವರ್ಷದೊಳಗೆ ಆ ಹಣ ತಿರುಗಿ ಬರುತ್ತದೆ. ಇಂಥ ಮನೆಯವರಿಗೆ ಸೋಲಾರ್ ಎರಡನೇ ಮಾತು, ಫ್ಯಾನ್ ಮೊದಲನೆಯದು.

ಇನ್ನು ನಮ್ಮ ಮನೆಯಂಥವು. ವರ್ಷಕ್ಕೆ 4,100 ಯೂನಿಟ್, ಅಂದರೆ ತಿಂಗಳಿಗೆ ಸರಾಸರಿ 340. ಎರಡು ಎಸಿ, ಬಾವಿಗೆ ಪಂಪು, ಅಪ್ಪ-ಅಮ್ಮ ದಿನವಿಡೀ ಮನೆಯಲ್ಲೇ. ಎಷ್ಟು ಕಡಿಮೆ ಮಾಡಿದರೂ 200ರ ಒಳಗೆ ಬರುವುದು ಆಗುವ ಮಾತಲ್ಲ. ಸೋಲಾರ್ ನಿಜವಾಗಿ ಬೇಕಾದ್ದು ಇಂಥ ಮನೆಗಳಿಗೆ.

ಯೂನಿಟ್‌ಗೆ ನಾವು ಕೊಡುವುದು ಎಷ್ಟು ಅನ್ನುವುದನ್ನು ಸರಿಯಾಗಿ ನೋಡಿಕೊಳ್ಳಿ, ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಮೊದಲೆಲ್ಲಾ ಸ್ಲ್ಯಾಬ್ ಇತ್ತು, ಅಂದರೆ ಬಳಕೆ ಏರಿದ ಹಾಗೆ ದರವೂ ಏರುತ್ತಿತ್ತು. 2022ರಲ್ಲಿ 200 ಯೂನಿಟ್ ದಾಟಿದ ಮೇಲಿನ ಕರೆಂಟಿಗೆ 8 ರೂಪಾಯಿಗೂ ಜಾಸ್ತಿ ದರ. ಸೋಲಾರ್ ಹಾಕಿದರೆ ಮೊದಲು ಕಡಿಮೆಯಾಗುತ್ತಿದ್ದದ್ದು ಆ ದುಬಾರಿ ಯೂನಿಟ್‌ಗಳೇ. 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಯಿತು, ಎಲ್ಲಾ ಯೂನಿಟ್‌ಗೂ ಒಂದೇ ದರ, 5.90 ರೂಪಾಯಿ. ಮರುವರ್ಷ ಅದರಲ್ಲೂ 10 ಪೈಸೆ ಇಳಿಯಿತು, ಆದರೆ ನಿಗದಿತ ಶುಲ್ಕ ಏರಿತು. ಸರ್‌ಚಾರ್ಜ್, ಶೇ. 9ರ ವಿದ್ಯುತ್ ತೆರಿಗೆ ಎಲ್ಲಾ ಸೇರಿಸಿದರೆ ಯೂನಿಟ್‌ಗೆ ಆರೂವರೆ ರೂಪಾಯಿ ಅಂತ ಹಿಡಿಯಬಹುದು. ನಾನು ಹಾಗೇ ಹಿಡಿದಿದ್ದೇನೆ.

ಈಗ ಖರ್ಚು. 3 ಕಿಲೋವಾಟ್‌ನ ಆನ್‌ಗ್ರಿಡ್ ವ್ಯವಸ್ಥೆಗೆ, ಅಂದರೆ ಬ್ಯಾಟರಿ ಇಲ್ಲದೆ ನೇರ ಮೆಸ್ಕಾಂ ಲೈನಿಗೆ ಜೋಡಿಸುವುದಕ್ಕೆ, ಈ ಕಡೆ ಹೆಚ್ಚುಕಡಿಮೆ 1.8 ಲಕ್ಷದಿಂದ 2.2 ಲಕ್ಷ ಹೇಳುತ್ತಾರೆ. 540 ವಾಟ್‌ನ ಪ್ಯಾನೆಲ್ ಆರು ಬರುತ್ತವೆ, ಸುಮಾರು 300 ಚದರಡಿ ಜಾಗ ಬೇಕು. ನಾನು 2 ಲಕ್ಷ ಅಂತ ಇಟ್ಟುಕೊಳ್ಳುತ್ತೇನೆ. 2024ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಶೇ. 60 ಸಬ್ಸಿಡಿ ಅಂತ ಕೆಲವರು ಹೇಳುವುದು ಕೇಳಿರಬಹುದು. ಅದು ಸರ್ಕಾರ ಇಟ್ಟುಕೊಂಡ ಬೆಲೆಯ ಮೇಲೆ ಶೇ. 60: ಕಿಲೋವಾಟ್‌ಗೆ 50,000ದ 60 ಪರ್ಸೆಂಟ್ 30,000, ಮೂರನೆಯದಕ್ಕೆ 45,000ದ 40 ಪರ್ಸೆಂಟ್ 18,000. ಪೇಟೆಯ ಬೆಲೆ ಅದಕ್ಕಿಂತ ಜಾಸ್ತಿ ಇರುವ ಕಾರಣ ನಮಗೆ ನಿಜವಾಗಿ ಸಿಗುವುದು ಶೇ. 40ರ ಹತ್ತಿರ. 3 ಕಿಲೋವಾಟ್ ಆದಮೇಲೆ ಎಷ್ಟು ದೊಡ್ಡದು ಹಾಕಿಸಿದರೂ ಸಬ್ಸಿಡಿ 78,000ವೇ. ಇನ್ನೊಂದು, ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಕೊಟೇಶನ್‌ನಲ್ಲಿ ಡಿಸಿಆರ್ ಅಂತ ಬರೆದಿದೆಯಾ ನೋಡಿ. ಹೊರದೇಶದ ಸೆಲ್‌ನದ್ದು ಅಗ್ಗಕ್ಕೆ ಸಿಗುತ್ತದೆ, ಸಬ್ಸಿಡಿ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಮೊದಲಿನ ಕೊಟೇಶನ್ ಯಾರಾದರೂ ತೋರಿಸಿದರೆ ಹೊಸದು ಕೇಳಿ.

ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 1,22,000. ಆದರೆ ಸಬ್ಸಿಡಿ ಬರುವುದು ಎಲ್ಲಾ ಮುಗಿದ ಮೇಲೆ, ನಮ್ಮ ಖಾತೆಗೆ. ಮೊದಲು ಪೂರ್ತಿ 2 ಲಕ್ಷ ಜೋಡಿಸಲೇಬೇಕು.

ಮುಖ್ಯ ಪ್ರಶ್ನೆ ಇದು: ಇಷ್ಟು ಮಳೆ ಬರುವ ಊರಲ್ಲಿ ಎಷ್ಟು ಕರೆಂಟ್ ಹುಟ್ಟುತ್ತದೆ? ದೇಶಕ್ಕೆಲ್ಲಾ ಸೇರಿಸಿ ಒಂದು ಕಿಲೋವಾಟ್‌ಗೆ ದಿನಕ್ಕೆ 4 ಯೂನಿಟ್ ಅಂತ ಹೇಳುವುದು ವಾಡಿಕೆ. ಕರಾವಳಿಯಲ್ಲಿ ಆ ಲೆಕ್ಕವನ್ನು ಸ್ವಲ್ಪ ಇಳಿಸಿ. ಹೋದ ವರ್ಷ ಜುಲೈಯಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ, ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಸೋಲಾರ್ ಇನ್ವರ್ಟರ್ ಮುಂದೆ ನಿಂತು ನೋಡಿದ್ದು ನೆನಪಿದೆ. ಮಳೆ ಒಂದೇ ಸಮ ಹೊಡೆಯುತ್ತಿತ್ತು, ಅಂಗಳದಲ್ಲಿ ದೀಪ ಹಾಕಬೇಕು ಅನ್ನುವಷ್ಟು ಕತ್ತಲೆ. ಪರದೆಯಲ್ಲಿ 180 ವಾಟ್. 3 ಕಿಲೋವಾಟ್ ಇರುವ ಕಡೆ 180. ಹನ್ನೊಂದೂವರೆಗೆ ಮೋಡ ಒಂದು ಚೂರು ಸರಿಯಿತು, ಬಿಸಿಲು ಬರಲಿಲ್ಲ, ಬೆಳಕು ಮಾತ್ರ ಬಂತು. ಅಷ್ಟಕ್ಕೇ 900 ಆಯಿತು. ಸಂಜೆ ನೋಡಿದರೆ ಆ ದಿನದ ಒಟ್ಟು 5 ಯೂನಿಟ್. ಮಾರ್ಚ್‌ನಲ್ಲಿ ಅದೇ ಪರದೆ ದಿನಕ್ಕೆ 14 ತೋರಿಸುತ್ತದೆ.

ತಿಂಗಳ ಲೆಕ್ಕದಲ್ಲಿ ನಮ್ಮಲ್ಲಿ ಮಾರ್ಚ್‌ಗೆ 430 ಯೂನಿಟ್, ಜುಲೈಗೆ 200. ಜೂನ್, ಆಗಸ್ಟ್ ಕೂಡ 240 ದಾಟುವುದಿಲ್ಲ. ವರ್ಷದ ಒಟ್ಟು 4,000. ನಾಲ್ಕೂವರೆ ಸಾವಿರ ಅಂತ ಹೇಳಿಕೊಂಡು ಬರುವವರು ಕರಾವಳಿಯ ಮಳೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಏಪ್ರಿಲ್‌ನ ಸುಡುಬಿಸಿಲಲ್ಲಿ ಇನ್ನೂ ಜಾಸ್ತಿ ಬರಬೇಕಲ್ವಾ ಅನ್ನಿಸುತ್ತದೆ, ಬರುವುದಿಲ್ಲ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿಯಲ್ಲ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ. 0.35ರಷ್ಟು ಶಕ್ತಿ ಕಡಿಮೆ. ನಡುಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದಿದ್ದರೆ ಶೇ. 12ರಷ್ಟು ಅಲ್ಲೇ ಹೋಯಿತು.

ಆದರೂ ನಮ್ಮ ಕಡೆಗೆ ಒಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬಿಸಿಲು ಜಾಸ್ತಿ ಇರುವ ತಿಂಗಳಲ್ಲೇ ನಮ್ಮ ಬಳಕೆಯೂ ಜಾಸ್ತಿ. ಮಾರ್ಚ್‌ನಿಂದ ಮೇವರೆಗೆ ಸೆಕೆಗೆ ಎಸಿ ಓಡುತ್ತದೆ, ಬಾವಿಯ ಪಂಪು ಓಡುತ್ತದೆ, ಅದೇ ಹೊತ್ತಿಗೆ ಮಾಡಿನ ಮೇಲೂ ಕರೆಂಟ್ ತುಂಬಿ ಬರುತ್ತದೆ. ಮಳೆಗಾಲದಲ್ಲಿ ಎರಡೂ ಇಳಿಯುತ್ತವೆ. ಹಾಗಾಗಿ ಹುಟ್ಟಿದ ಕರೆಂಟಿನ ದೊಡ್ಡ ಪಾಲು ನಮ್ಮ ಬಿಲ್‌ನಲ್ಲೇ ವಜಾ ಆಗುತ್ತದೆ.

ಹೀಗೆ ವಜಾ ಆಗುವುದು ಯಾಕೆ ಮುಖ್ಯ ಅಂದರೆ, ಮಿಕ್ಕಿದ್ದಕ್ಕೆ ಹೆಚ್ಚು ಬೆಲೆ ಇಲ್ಲ. ನೆಟ್ ಮೀಟರ್ ಎರಡೂ ಕಡೆ ಎಣಿಸುತ್ತದೆ: ಲೈನಿನಿಂದ ನಾವು ತೆಗೆದದ್ದು, ನಾವು ಲೈನಿಗೆ ಬಿಟ್ಟದ್ದು. ಹಗಲು ಬಿಟ್ಟದ್ದನ್ನು ರಾತ್ರಿ ತೆಗೆದದ್ದರಲ್ಲಿ ಕಳೆಯುತ್ತಾರೆ. ಆ ಕಳೆದ ಯೂನಿಟ್ ನಮಗೆ ಆರೂವರೆ ರೂಪಾಯಿಯ ಬೆಲೆಯದ್ದು. ಕಳೆದೂ ಮಿಕ್ಕಿದರೆ ಮೆಸ್ಕಾಂ ಅದಕ್ಕೆ ಕೆಇಆರ್‌ಸಿ, ಅಂದರೆ ರಾಜ್ಯದ ಕರೆಂಟ್ ದರ ನಿಗದಿ ಮಾಡುವ ಆಯೋಗ, ಹೇಳಿದ ದರ ಕೊಡುತ್ತದೆ, ಅದು ನಾವು ಕೊಡುವ ದರಕ್ಕಿಂತ ತುಂಬಾ ಕಡಿಮೆ. ಸಬ್ಸಿಡಿ ತೆಗೆದುಕೊಂಡವರಿಗೆ ಇನ್ನೂ ಕಡಿಮೆ. ಇದು ಮೊದಲು ಹೀಗಿರಲಿಲ್ಲ. 2013ರಲ್ಲಿ ಕೆಇಆರ್‌ಸಿ ಮಾಡಿನ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ಇಟ್ಟಿತ್ತು. ಆಗ ಪ್ಯಾನೆಲ್ ದುಬಾರಿ, ದರವೂ ದೊಡ್ಡದು. ಆ ಕಾಲದಲ್ಲಿ ಹಾಕಿಸಿದವರು ತಿಂಗಳು ತಿಂಗಳು ಹಣ ಬರುತ್ತದೆ ಅನ್ನುವುದು ಸುಳ್ಳಲ್ಲ. ಅವರ ಮಾತು ಕೇಳಿ ಇವತ್ತು ಮಾಡು ತುಂಬಾ ಪ್ಯಾನೆಲ್ ಹಾಕಿಸಿದರೆ ನಿಮಗೆ ಆ ಹಣ ಬರುವುದಿಲ್ಲ. ವರ್ಷದ ಬಳಕೆ ಎಷ್ಟೋ ಅದಕ್ಕಿಂತ ಸ್ವಲ್ಪ ಕಡಿಮೆ ಹುಟ್ಟುವಷ್ಟು ಹಾಕಿಸುವುದೇ ಸರಿ ಅಂತ ನನ್ನ ಅಭಿಪ್ರಾಯ.

ಈಗ ಒಟ್ಟು ಹಾಕೋಣ. 4,000 ಯೂನಿಟ್‌ಗೆ ಆರೂವರೆಯಂತೆ 26,000. ನಮ್ಮಲ್ಲಿ ಚಳಿಗಾಲದ ತಿಂಗಳುಗಳಲ್ಲಿ 320 ಯೂನಿಟ್ ಮಿಕ್ಕುತ್ತದೆ, ಅದಕ್ಕೆ ಕಡಿಮೆ ದರ ಸಿಗುವುದರಿಂದ ಸುಮಾರು 1,300 ಕಳೆಯಿರಿ. ನಮ್ಮ ಮಂಜೂರಾದ ಲೋಡ್ 2 ಕಿಲೋವಾಟ್ ಇತ್ತು, ಸೋಲಾರ್‌ಗಾಗಿ ಅದು 3 ಆಯಿತು. ಒಂದು ಕಿಲೋವಾಟ್‌ಗೆ ತಿಂಗಳಿಗೆ 150ರ ಹತ್ತಿರ ನಿಗದಿತ ಶುಲ್ಕ, ಅಂದರೆ ವರ್ಷಕ್ಕೆ 1,700ರಿಂದ 1,800. ಇದನ್ನು ಕೊಟೇಶನ್‌ನಲ್ಲಿ ಯಾರೂ ಬರೆಯುವುದಿಲ್ಲ, ಆದರೆ ಸೋಲಾರ್ ಎಷ್ಟೇ ಹುಟ್ಟಿದರೂ ಈ ಶುಲ್ಕ ಹೋಗುವುದಿಲ್ಲ. ತೊಳೆಯುವುದು, ಚಿಕ್ಕಪುಟ್ಟ ರಿಪೇರಿ ಅಂತ ಒಂದು ಸಾವಿರ ಇಡಿ. ಉಳಿಯುವುದು ವರ್ಷಕ್ಕೆ 22,000. 1,22,000ವನ್ನು ಅದರಿಂದ ಭಾಗಿಸಿದರೆ ಐದೂವರೆ ವರ್ಷ.

ನನಗೆ ಮೊದಲು ಬಂದ ಕೊಟೇಶನ್ ಮೂರೂವರೆ ವರ್ಷ ಅಂದಿತ್ತು. ಹೇಗೆ ಅಂತ ಕೂತು ಬಿಡಿಸಿದೆ. 4,500 ಯೂನಿಟ್, ಯೂನಿಟ್‌ಗೆ 8 ರೂಪಾಯಿ, ಒಂದು ಪೈಸೆಯೂ ಕಳೆಯದೆ. ಮಳೆ ಇಲ್ಲದ ಊರಿನ ಬಿಸಿಲು, ಈಗ ಇಲ್ಲದ ಸ್ಲ್ಯಾಬ್‌ನ ದರ. ಐದೂವರೆ ವರ್ಷವೂ ಒಳ್ಳೆಯದೇ ಅಲ್ವಾ, ಅದನ್ನೇ ನೇರ ಹೇಳಿದ್ದರೆ ನಾನು ಇನ್ನೂ ಬೇಗ ಒಪ್ಪುತ್ತಿದ್ದೆ.

ಅಪ್ಪ ಕೇಳಿದ್ದು ಬೇರೆ ಪ್ರಶ್ನೆ. ಆ ಹಣವನ್ನು ಸೊಸೈಟಿಯಲ್ಲಿ ಎಫ್‌ಡಿ ಇಟ್ಟರೆ? ನ್ಯಾಯವಾದ ಪ್ರಶ್ನೆ. ಶೇ. 7ರ ಲೆಕ್ಕದಲ್ಲಿ 1,22,000ಕ್ಕೆ ವರ್ಷಕ್ಕೆ 8,500 ಬಡ್ಡಿ. ಸೋಲಾರ್‌ನಲ್ಲಿ 22,000. ಆದರೆ ಎಫ್‌ಡಿಯಲ್ಲಿ ಅಸಲು ಹಾಗೇ ಇರುತ್ತದೆ, ಪ್ಯಾನೆಲ್‌ನಲ್ಲಿ ಅಸಲು ಸವೆಯುತ್ತಾ ಹೋಗುತ್ತದೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುತ್ತದೆ, ವರ್ಷಕ್ಕೆ ಅರ್ಧ ಪರ್ಸೆಂಟ್ ಆಸುಪಾಸು ಶಕ್ತಿ ಕುಂದುತ್ತದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಹತ್ತು ಹನ್ನೆರಡು ವರ್ಷಕ್ಕೆ ಒಮ್ಮೆ ಬದಲಿಸಬೇಕಾದೀತು, ಆಗ ಒಂದು ವರ್ಷದ ಉಳಿತಾಯ ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ ಅದಕ್ಕೇ ಹೋಗುತ್ತದೆ. ಇದೆಲ್ಲಾ ಕಳೆದರೂ ಆರನೇ ವರ್ಷದಿಂದ ಮುಂದಿನದ್ದು ಉಳಿತಾಯವೇ. ಅಪ್ಪ ಒಪ್ಪಿದರು.

ಕೈಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕಿನಲ್ಲಿ 3 ಕಿಲೋವಾಟ್‌ವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ, ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊ ದರದ ಜೊತೆ ಏರಿಳಿಯುತ್ತದೆ. ಶೇ. 6 ಅಂತ ಹಿಡಿದರೆ 1,22,000ಕ್ಕೆ ಏಳು ವರ್ಷದ ಕಂತು ತಿಂಗಳಿಗೆ 1,780. ಉಳಿತಾಯ ತಿಂಗಳಿಗೆ 1,830. ಬಿಲ್ ಕಟ್ಟುತ್ತಿದ್ದ ಹಣದಲ್ಲೇ ಕಂತು ಹೋಗುತ್ತದೆ.

ಇಷ್ಟೆಲ್ಲಾ ಲೆಕ್ಕವನ್ನು ಒಂದು ತೆಂಗಿನ ಮರ ಕೆಡಿಸಬಲ್ಲದು. ಸುಮ್ನೆ ಹೇಳುತ್ತಿಲ್ಲ. ನಮ್ಮ ಪಡುಗಡೆ ಎರಡು ಮರಗಳಿವೆ, ಡಿಸೆಂಬರ್‌ನಲ್ಲಿ ಮೂರು ಗಂಟೆಯಾದರೆ ಒಂದರ ನೆರಳು ಕೊನೆಯ ಪ್ಯಾನೆಲ್‌ನ ಮೂಲೆಗೆ ಬರುತ್ತದೆ. ಒಂದು ಮಡಲಿನ ನೆರಳು, ಅಷ್ಟೇ. ಆದರೆ ಪ್ಯಾನೆಲ್‌ಗಳು ಒಂದಕ್ಕೊಂದು ಸರಪಳಿಯ ಹಾಗೆ ಜೋಡಿಸಿರುತ್ತವೆ. ತೋಟಕ್ಕೆ ನೀರು ಬಿಡುವಾಗ ಪೈಪನ್ನು ಒಂದು ಕಡೆ ತುಳಿದರೆ ತುದಿಯಲ್ಲಿ ನೀರು ಬರುವುದು ಕಡಿಮೆಯಾಗುತ್ತದಲ್ಲ, ಹಾಗೆ. ಒಳಗೆ ನೆರಳಿನ ಭಾಗವನ್ನು ಬಿಟ್ಟು ಕರೆಂಟ್ ದಾಟಿಸುವ ಬೈಪಾಸ್ ಡಯೋಡ್ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ನೆರಳು ಬಿದ್ದ ಜಾಗಕ್ಕಿಂತ ನಷ್ಟ ದೊಡ್ಡದು. ನೋಡಲು ಬರುವವರು ಹೆಚ್ಚಾಗಿ ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೆರಳಿಲ್ಲ ಅಂದು ಹೋಗುತ್ತಾರೆ. ನೀವೇ ಒಂದು ದಿನ ಬೆಳಿಗ್ಗೆ ಎಂಟೂವರೆಗೆ, ಮತ್ತೆ ಮೂರೂವರೆಗೆ ಮಹಡಿ ಹತ್ತಿ ನೋಡಿ. ಚಳಿಗಾಲದಲ್ಲಿ ನೋಡಿದರೆ ಒಳ್ಳೆಯದು, ಆಗ ಸೂರ್ಯ ತೆಂಕಿಗೆ ವಾಲಿರುತ್ತಾನೆ, ನೆರಳು ಉದ್ದ.

ನಮ್ಮ ಮನೆಗಳ ಮಾಡೂ ಬೇರೆ ಥರ. ಹಂಚಿನ ಮಾಡಿಗೆ ಪ್ಯಾನೆಲ್ ಕೂರಿಸುವುದು ಕಷ್ಟ, ಒಂದೊಂದು ಪ್ಯಾನೆಲ್ 27-28 ಕೆ.ಜಿ. ತೂಗುತ್ತದೆ, ಹಂಚಿನ ಕೆಳಗಿನ ರೀಪು ಪಕ್ಕಾಸು ಹಳೆಯದಾಗಿದ್ದರೆ ಆ ಸಾಹಸ ಬೇಡವೇ ಬೇಡ. ಟೆರೇಸ್ ಮೇಲೆ ಶೀಟಿನ ಮಾಡು ಇರುವ ಮನೆಗಳಿಗೆ ಅದೇ ಲಾಭ, ಎತ್ತರದ ಸ್ಟ್ರಕ್ಚರ್ ಬೇಕಾಗುವುದಿಲ್ಲ, ಶೀಟಿನ ಮೇಲೆ ರೈಲ್ ಹಾಕಿ ಕೂರಿಸಬಹುದು. ಶೀಟಿಗೂ ಪ್ಯಾನೆಲ್‌ಗೂ ನಡುವೆ ಒಂದು ಗೇಣಿನಷ್ಟು ಗಾಳಿ ಆಡಲು ಬಿಡಿಸಿ. ಸ್ಕ್ರೂ ಹೊಡೆದ ಕಡೆಯೆಲ್ಲಾ ಸೀಲ್ ಮಾಡಿಸಿ, ಇಲ್ಲದಿದ್ದರೆ ಮಿಥುನ ಮಾಸದ ಮೊದಲ ಮಳೆಗೇ ಗೊತ್ತಾಗುತ್ತದೆ.

ಸುರತ್ಕಲ್‌ನಲ್ಲಿರುವ ಭಾವನ ಮನೆಯಿಂದ ಸಮುದ್ರ ಕೂಗಳತೆ. ಅಲ್ಲಿ ಎರಡನೇ ಮಳೆಗಾಲಕ್ಕೇ ನಟ್ ಬೋಲ್ಟ್‌ಗಳು ಕೆಂಪಾಗಿದ್ದವು. ಮುಟ್ಟಿದರೆ ಬೆರಳಿಗೆ ತುಕ್ಕು. ಹಾಕಿದವರು ಸ್ಟೀಲ್ ಅಂದಿದ್ದರು, ಆದರೆ ಅವು ಬರೀ ಮೇಲೆ ಪಾಲಿಶ್ ಮಾಡಿದ ಕಬ್ಬಿಣ. ಭಾವ ಎಲ್ಲವನ್ನೂ ಬಿಚ್ಚಿಸಿ ಸ್ಟೇನ್‌ಲೆಸ್ ಸ್ಟೀಲ್‌ನದ್ದು ಹಾಕಿಸಿದರು, ಖರ್ಚು ಅವರದ್ದೇ. ಕಡಲ ಹತ್ತಿರ ಇರುವವರು ಸ್ಟ್ರಕ್ಚರ್ ಅಲ್ಯೂಮಿನಿಯಂ ಅಥವಾ ಬಿಸಿ ಸತುವಿನಲ್ಲಿ ಅದ್ದಿದ ಜಿಐ ಆಗಿರಬೇಕು, ಬೋಲ್ಟ್ ಸ್ಟೇನ್‌ಲೆಸ್ ಆಗಿರಬೇಕು ಅಂತ ಬರೆಸಿಕೊಳ್ಳಿ. ಪ್ಯಾನೆಲ್‌ಗೆ ಉಪ್ಪುಗಾಳಿ ಪರೀಕ್ಷೆ ಐಇಸಿ 61701 ಆಗಿದೆಯಾ ಅಂತ ಕೇಳಿ. ಸಿಡಿಲಿನ ವಿಷಯದಲ್ಲೂ ಹಣ ಉಳಿಸಬೇಡಿ. ಮಳೆಗಾಲಕ್ಕೆ ಮೊದಲು ಮತ್ತೆ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಹೊಡೆಯುವ ಸಿಡಿಲು ಎಂಥದು ಅಂತ ನಿಮಗೇ ಗೊತ್ತು. ಸಿಡಿಲು ತಡೆಗೆ, ಪ್ಯಾನೆಲ್ ಕಡೆಯ ಡಿಸಿ ಕರೆಂಟಿಗೆ, ಮನೆ ಕಡೆಯ ಎಸಿ ಕರೆಂಟಿಗೆ ಮೂರು ಬೇರೆ ಬೇರೆ ಅರ್ತಿಂಗ್ ಗುಂಡಿ ಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಅರ್ತಿಂಗ್ ಸರಿ ಹಿಡಿಯುವುದಿಲ್ಲ, ಗುಂಡಿಗೆ ಆಗಾಗ ನೀರು ಬಿಡಬೇಕು.

ತೊಳೆಯುವುದು ದೊಡ್ಡ ಕೆಲಸವಲ್ಲ. ಮಳೆ ತಾನೇ ತೊಳೆಯುತ್ತದೆ, ಕೆಳಗಿನ ಅಂಚಿನಲ್ಲಿ ಪಾಚಿ ಮಾತ್ರ ಕಟ್ಟುತ್ತದೆ, ಅದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲು ಏರುವ ಮೊದಲು, ನೀರು ಹಾಕಿದರೆ ಸಾಕು.

ಕರೆಂಟ್ ಹೋದಾಗ ಇದು ಕೆಲಸ ಮಾಡುತ್ತದೆ ಅಂತ ನಂಬಿ ಹಾಕಿಸಬೇಡಿ. ಮರ ಬಿದ್ದು ಲೈನ್ ಹೋದರೆ ಆನ್‌ಗ್ರಿಡ್ ಸೋಲಾರ್ ಕೂಡ ತಾನೇ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟ್ ಲೈನಿಗೆ ಹೋಗಿ, ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್ ಜೀವಕ್ಕೆ ಅಪಾಯ. ಬ್ಯಾಟರಿ ಇರುವ ಹೈಬ್ರಿಡ್ ಬೇಕಾದರೆ ಖರ್ಚು ತುಂಬಾ ಏರುತ್ತದೆ, ಐದೂವರೆ ವರ್ಷದ ಲೆಕ್ಕ ಆಗ ನಡೆಯುವುದಿಲ್ಲ. ನಮ್ಮಲ್ಲಿ ಹಳೇ ಇನ್ವರ್ಟರ್ ಬ್ಯಾಟರಿ ಹಾಗೇ ಇಟ್ಟುಕೊಂಡಿದ್ದೇವೆ.

ಅರ್ಜಿ ಹಾಕುವುದು ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ, ಅದು ಸುಲಭ. ಹೆಚ್ಚಿನವರು ಎಡವುವುದು ಬೇರೆ ಕಡೆ: ಮೀಟರ್ ಯಾರ ಹೆಸರಲ್ಲಿದೆ? ನಮ್ಮ ಕಡೆ ಎಷ್ಟೋ ಮನೆಗಳ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಅರ್ಜಿ, ಬ್ಯಾಂಕ್ ಖಾತೆ, ಮೀಟರ್ ಮೂರರಲ್ಲೂ ಒಂದೇ ಹೆಸರು ಇಲ್ಲದಿದ್ದರೆ ಸಬ್ಸಿಡಿ ಸಿಕ್ಕಿಹಾಕಿಕೊಳ್ಳುತ್ತದೆ, ಹೆಸರು ಬದಲಾವಣೆಗೆ ಮನೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲಾ ಜೋಡಿಸುವಾಗ ತಿಂಗಳುಗಳೇ ಹೋಗಬಹುದು.

ದೊಡ್ಡಮ್ಮನಿಗೆ ನಾನು ಕೊನೆಗೆ ಹೇಳಿದ್ದೂ ಇದನ್ನೇ. ಅವರ ಮೀಟರ್ ಈಗಲೂ ದೊಡ್ಡಪ್ಪನ ಹೆಸರಲ್ಲಿದೆ. ಬರುವ ವರ್ಷ ದುಬೈಯಿಂದ ಅಣ್ಣ, ಅತ್ತಿಗೆ, ಮಕ್ಕಳು ಊರಿಗೇ ಬರುತ್ತಾರಂತೆ, ಮೇಲಿನ ಎರಡು ಕೋಣೆಗೆ ಎಸಿ ಹಾಕಿಸುವ ಮಾತು ನಡೆಯುತ್ತಿದೆ. ಆಗ 90 ಯೂನಿಟ್ 300 ಆಗಲಿಕ್ಕೆ ಎಷ್ಟು ಹೊತ್ತು? ಅವರು ಬಂದು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ, ಬಿಲ್‌ಗಳನ್ನೆಲ್ಲಾ ಎತ್ತಿಡಿ, ಅಷ್ಟರೊಳಗೆ ಹೆಸರು ಬದಲಾವಣೆ ಮುಗಿಸಿ ಇಡುವ ಅಂದೆ. "ಹಾಗಾದರೆ ಆ ಕಾಗದಕ್ಕೆ ನೀನೇ ಬಾ ಮಗಾ," ಅಂದರು. ಈ ಶನಿವಾರ ಹೋಗುತ್ತಿದ್ದೇನೆ.